ಪಾರ್ಕಿಂಗ್ ಎಣಿಸಿದರು, ಕಿಲೋಮೀಟರ್ ಬಿಟ್ಟರು

ನಮಸ್ಕಾರ. ಪುಣೆಯಿಂದ ಮಾತಾಡುತ್ತಿದ್ದೇನೆ. ಮಧ್ಯೆ ಜೆಸಿಬಿ ಸದ್ದು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಜೆಸಿಬಿ ಇಲ್ಲದ ಬೀದಿ ಬೇಕೆಂದರೆ ನಾನು ಧಾರವಾಡಕ್ಕೆ ಹೋಗಬೇಕು. ಈಗ ಅಲ್ಲೂ ಸಿಗುವುದು ಅನುಮಾನ.

ಹುಬ್ಬಳ್ಳಿಯ ನಮ್ಮ ಚಿಕ್ಕಪ್ಪನ ಮಗ ಇಲ್ಲೇ ಪುಣೆ ಅಂಚಿನ ಐಟಿ ಪ್ರದೇಶ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾನೆ. ಫ್ಲಾಟ್ ಹುಡುಕುತ್ತಿದ್ದಾನೆ. ಮೊನ್ನೆ ಬ್ರೋಷರ್ ಹಿಡಿದುಕೊಂಡು ಬಂದ. "ಅಣ್ಣಾ, ಆಫೀಸಿಂದ ಬರೇ ಹತ್ತು ನಿಮಿಷ ಅಂತ. ಮ್ಯಾಲೆ ಪೂರಾ ಗ್ರೀನ್ ಪ್ರಾಜೆಕ್ಟ್ ಅಂತ." ಮ್ಯಾಪ್ ತೆಗೆದು ನೋಡಿದೆ. ದೂರ 15 ಕಿಲೋಮೀಟರ್. ಹತ್ತು ನಿಮಿಷಕ್ಕೆ 15 ಕಿಲೋಮೀಟರ್ ಎಂದರೆ ಗಂಟೆಗೆ 90. ಹಿಂಜವಡಿ ದಾರಿಯಲ್ಲಿ!

ಅಲ್ಲಿ ಇನ್ನೂ ಒಂದು ಗುದ್ದಲಿ ಮಣ್ಣು ಎದ್ದಿಲ್ಲ. ಸಾವಿರ ಫ್ಲಾಟ್ ಬರುತ್ತವಂತೆ. ಬ್ರೋಷರಿನ 'ಗ್ರೀನ್' ಎಂದರೆ ಎಲ್‌ಇಡಿ ದೀಪ, ಚಾವಣಿಯ ಮೇಲೆ ಸೋಲಾರ್, 500 ಗಿಡ. ಸರಿ, ಕಟ್ಟುವ ಮೊದಲೇ ಇದರ ಕಾರ್ಬನ್ ಲೆಕ್ಕ, ಅಂದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ ಅನ್ನೋ ಲೆಕ್ಕ, ಹಾಕಿಬಿಡೋಣ ಎಂದು ನಾವಿಬ್ಬರೂ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆವು. ಇದು ಅಂದಾಜು ಲೆಕ್ಕ. ಆದರೆ ಏನೇನು ಹಿಡಿದಿದ್ದೇನೆ ಅಂತ ಹೇಳುತ್ತೇನೆ, ತಪ್ಪಿದ್ದರೆ ನೀವೇ ತಿದ್ದಿ.

ಮೊದಲು ಕಟ್ಟಡ. ಮೇಸ್ತ್ರಿಗಳ ಬಾಯಿಲೆಕ್ಕ ಗೊತ್ತಲ್ಲ, ಚದರಡಿಗೆ 0.4 ಚೀಲ ಸಿಮೆಂಟ್, 4 ಕಿಲೋ ಕಬ್ಬಿಣ. ಸಾವಿರ ಚದರಡಿಯ ಫ್ಲಾಟಿಗೆ 400 ಚೀಲ, ಅಂದರೆ 20 ಟನ್ ಸಿಮೆಂಟ್. ಕಬ್ಬಿಣ 4 ಟನ್. ನಮ್ಮ ದೇಶದಲ್ಲಿ ಒಂದು ಟನ್ ಸಿಮೆಂಟಿಗೆ ಸುಮಾರು 0.65 ಟನ್, ಒಂದು ಟನ್ ಉಕ್ಕಿಗೆ ಸುಮಾರು 2.5 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ. ಸಿಮೆಂಟಿನದು 13, ಕಬ್ಬಿಣದ್ದು 10. ಒಂದು ಫ್ಲಾಟಿಗೆ 23 ಟನ್. ಸಾವಿರ ಫ್ಲಾಟಿಗೆ 23,000 ಟನ್. ಇನ್ನೂ ಒಬ್ಬರೂ ಹಾಲು ಉಕ್ಕಿಸಿಲ್ಲ!

ಸಿಮೆಂಟ್ ಫ್ಯಾಕ್ಟರಿಗೆ ಸೋಲಾರ್ ಹಾಕಿದರೆ ಆಯ್ತಲ್ಲ ಅಂತೀರಾ? ಆಗಲ್ಲ. ಸಿಮೆಂಟ್ ಮಾಡಲು ಸುಣ್ಣದಕಲ್ಲು ಸುಟ್ಟಾಗ ಕಲ್ಲಿನೊಳಗೆ ಇದ್ದ ಕಾರ್ಬನ್ ಡೈಆಕ್ಸೈಡೇ ಆಚೆ ಬರುತ್ತೆ. ಬೆಂಕಿ ಯಾವುದಾದರೇನು.

ಇನ್ನು ಆ 500 ಗಿಡ. ಬೆಳೆದ ಮರ ವರ್ಷಕ್ಕೆ 20 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಹೀರುತ್ತೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಎಲ್ಲವೂ ಬದುಕಿ, ಬೆಳೆದು ನಿಂತರೂ ವರ್ಷಕ್ಕೆ 10 ಟನ್. ಕರೆಂಟ್ ಲೆಕ್ಕ ನೋಡಿ. ಮನೆಗೆ ತಿಂಗಳಿಗೆ 200 ಯೂನಿಟ್, ಯೂನಿಟ್ಟಿಗೆ ಸುಮಾರು 0.7 ಕಿಲೋ. ವರ್ಷಕ್ಕೆ 1.7 ಟನ್. ಅಂದರೆ ಆ ಇಡೀ ತೋಪು ಆರು ಮನೆಯ ಕರೆಂಟಿಗೆ ಸರಿಹೋಯ್ತು. ಮಿಕ್ಕ 994 ಮನೆಯವರು ಏನು ಮಾಡಬೇಕು? ಗಿಡ ನೆಡಿ, ನೆರಳಿಗೆ ಬೇಕು. ಲೆಕ್ಕ ಮುಚ್ಚೋದಕ್ಕೆ ಬೇಡ.

ನಿಜ ಹೇಳಬೇಕೆಂದರೆ ಈ ಎಪಿಸೋಡನ್ನು ನಾನು ನೀರಿನ ಟ್ಯಾಂಕರ್ ಮೇಲೆ ಮಾಡಬೇಕು ಅಂತಿದ್ದೆ. ಪುಣೆಯ ಹೊರವಲಯದಲ್ಲಿ ಇರುವವರಿಗೆ ಟ್ಯಾಂಕರ್ ಅಂದರೆ ರಕ್ತ ಕುದಿಯುತ್ತೆ, ನನಗೂ. ಸಾವಿರ ಮನೆ, ಮನೆಗೆ ನಾಲ್ಕು ಜನ, ತಲೆಗೆ 135 ಲೀಟರ್. ಎಲ್ಲ ನೀರೂ ಟ್ಯಾಂಕರಿನದೇ ಆದರೆ ದಿನಕ್ಕೆ 10,000 ಲೀಟರಿನ 54 ಟ್ಯಾಂಕರ್. ಒಂದೊಂದೂ ಹೋಗಿಬರಲು 20 ಕಿಲೋಮೀಟರ್ ಓಡಿ 5 ಲೀಟರ್ ಡೀಸೆಲ್ ಕುಡಿಯುತ್ತೆ ಎನ್ನಿ. ಲೀಟರ್ ಡೀಸೆಲ್‌ಗೆ 2.7 ಕಿಲೋ. ಬೇಸಿಗೆಯ ನಾಲ್ಕು ತಿಂಗಳಿಗೆ ಒಟ್ಟು 90 ಟನ್ನಿಗೂ ಕಡಿಮೆ! ನನ್ನ ಸಿಟ್ಟೆಲ್ಲ ಸುಮ್ನೆ ದಂಡ.

ಆಮೇಲೆ ಕಾರು ಹಿಡಿದೆವು. ದಿನಕ್ಕೆ 30 ಕಿಲೋಮೀಟರ್, ವರ್ಷಕ್ಕೆ 300 ದಿನ. ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ 600 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋ. ಒಂದು ಕಾರಿಗೆ ವರ್ಷಕ್ಕೆ 1.4 ಟನ್. ಮನೆಗೊಂದು ಕಾರು ಅಂದರೆ ವರ್ಷಕ್ಕೆ 1,400 ಟನ್. ಎಲ್ಲರೂ ಕಾರಲ್ಲಿ ಹೋಗಲ್ಲ, ಸ್ಕೂಟರಿನವರೂ ಇದ್ದಾರೆ, ಅರ್ಧ ಮಾಡಿ. ಆಗಲೂ ಟ್ಯಾಂಕರಿಗಿಂತ ಎಂಟು ಪಟ್ಟು ಜಾಸ್ತಿ. ಕಾರಿರುವ ಮನೆಯಲ್ಲಂತೂ 17ನೇ ವರ್ಷಕ್ಕೆ ಕಾರಿನ ಹೊಗೆ ಮನೆ ಕಟ್ಟಿದ ಹೊಗೆಯನ್ನು ಹಿಂದೆ ಹಾಕುತ್ತೆ.

ಎಲೆಕ್ಟ್ರಿಕ್ ಕಾರು ಬರುತ್ತಲ್ವಾ? ಬರಲಿ. ಯೂನಿಟ್ಟಿಗೆ 7 ಕಿಲೋಮೀಟರ್ ಓಡಿದರೂ ಇವತ್ತಿನ ಕರೆಂಟಲ್ಲಿ ವರ್ಷಕ್ಕೆ 0.9 ಟನ್. ಅದೇ ಮನೆ ಆಫೀಸಿಂದ ಮೂರೇ ಕಿಲೋಮೀಟರ್ ದೂರದಲ್ಲಿ ಇದ್ದರೆ, ಹಳೇ ಪೆಟ್ರೋಲ್ ಕಾರಿಗೂ 0.3 ಟನ್ ದಾಟಲ್ಲ. ಕಾರು ಯಾವುದು ಎನ್ನುವುದಕ್ಕಿಂತ ಜಾಗ ಎಲ್ಲಿದೆ ಎನ್ನುವುದು ದೊಡ್ಡದು. ಆ ಜಾಗ ನಿಗದಿಯಾಗುವುದು ಒಂದೇ ಸಲ, ಪ್ಲಾನ್ ಪಾಸಾಗುವ ದಿನ.

2006ರ ಪರಿಸರ ಅಧಿಸೂಚನೆ ಪ್ರಕಾರ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ ಮೊದಲೇ ಪರಿಸರ ಅನುಮತಿ ಬೇಕು. ಇಂಥ ಒಂದು ಅರ್ಜಿಯ ಸಾರಾಂಶ ಓದಿದ್ದೆ. ಪಾರ್ಕಿಂಗ್ ಎಷ್ಟು ಅಂತ ಇತ್ತು. ಆ ಕಾರುಗಳು ಬೆಳಿಗ್ಗೆ ಎಲ್ಲಿಗೆ ಹೋಗುತ್ತವೆ ಅಂತ ಇರಲಿಲ್ಲ. ಗೇಟಿಗೆ ಬಂದು ಲೆಕ್ಕ ನಿಂತುಬಿಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ 2020ರ ಜುಲೈನಿಂದ ಹೊಸ ಯೋಜನೆಗಳ ಸಾರಿಗೆ ಪರಿಣಾಮವನ್ನು ಜಾಮ್ ನೋಡಿ ಅಳೆಯಲ್ಲ, ಗಾಡಿಗಳು ಓಡುವ ದೂರ ನೋಡಿ ಅಳೆಯುತ್ತಾರೆ. ನಮ್ಮಲ್ಲೂ ಆ ಒಂದು ಕಾಲಂ ಸೇರಿಸಲಿ. ಪಕ್ಕದಲ್ಲಿ, ಏನೇನು ಅಂದಾಜು ಹಿಡಿದಿದ್ದೇವೆ ಅಂತಲೂ ಬರೆಯಲಿ. ಮನೆ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಊರು ಬಿಟ್ಟು ಬಂದು ಇಲ್ಲಿ ಫ್ಲಾಟ್ ತಗೊಂಡವನೇ.

ತಮ್ಮ ಎಲ್ಲಾ ಕೇಳಿಸಿಕೊಂಡ. "ಹಂಗಾರ ಬುಕ್ ಮಾಡ್ಲೋ ಬ್ಯಾಡೋ, ಅದನ್ ಹೇಳಣ್ಣ" ಅಂದ. ಸೈಟ್ ನೋಡೋಕೆ ಭಾನುವಾರ ಹೋಗಬೇಡ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿಂದ ಆಫೀಸಿಗೆ ಗಾಡಿ ಓಡಿಸಿ ನೋಡು ಅಂದೆ. ಹೋಗಿದ್ದ. ಹತ್ತೂ ಹತ್ತಕ್ಕೆ ದಾರಿ ಮಧ್ಯದಿಂದಲೇ ಫೋನ್ ಮಾಡಿದ.