ಹೆಸರಿನ ಮುಂದೆ ‘ಡಾ.’ ಇದೆಯಾ? ಕೊಟ್ಟವರು ಯಾರು ಅಂತ ನೋಡಿ

[ತೆರೆ ಮೇಲೆ: ಸನ್ಮಾನ ಸಮಾರಂಭದ ಫ್ಲೆಕ್ಸ್]

ನಮಸ್ಕಾರ. ಊರಿನ ಯಾವುದಾದರೂ ಫ್ಲೆಕ್ಸ್ ಮುಂದೆ ಒಂದು ನಿಮಿಷ ನಿಂತು ಓದಿ. ಅಧ್ಯಕ್ಷರು ಡಾಕ್ಟರ್, ಉದ್ಘಾಟಕರು ಡಾಕ್ಟರ್, ಸನ್ಮಾನ ಮಾಡಿಸಿಕೊಳ್ಳುವವರೂ ಡಾಕ್ಟರ್. ಇಷ್ಟೊಂದು ಜನಕ್ಕೆ ಈ ‘ಡಾ.’ ಎಲ್ಲಿಂದ ಬಂತು?

ಆಸ್ಪತ್ರೆಯ ಡಾಕ್ಟರುಗಳದ್ದು ಸುಲಭ. ನಾಲ್ಕೂವರೆ ವರ್ಷ ಎಂಬಿಬಿಎಸ್ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪದವಿ ಲೆಕ್ಕದಲ್ಲಿ ಅದು ಬ್ಯಾಚುಲರ್ ಡಿಗ್ರಿಯೇ, ಡಾಕ್ಟರ್ ಅಂತ ಕರೆಯುವುದು ರೂಢಿ. ಬ್ರಿಟನ್‌ನಲ್ಲಿ ಸರ್ಜನ್‌ಗಳನ್ನು ಇವತ್ತಿಗೂ ‘ಮಿಸ್ಟರ್’ ಅಂತಲೇ ಕರೆಯುತ್ತಾರೆ. 1745ರವರೆಗೆ ಲಂಡನ್ನಿನಲ್ಲಿ ಅವರಿಗೂ ಕ್ಷೌರಿಕರಿಗೂ ಒಂದೇ ಸಂಘ ಇತ್ತು!

ಇನ್ನು ಪಿಎಚ್‌ಡಿ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ ಬೇಕು. ಕೋರ್ಸ್‌ವರ್ಕ್ ಮುಗಿಸಬೇಕು, ಮಹಾಪ್ರಬಂಧ ಬರೆಯಬೇಕು, ಹೊರಗಿನ ಇಬ್ಬರು ಪರೀಕ್ಷಕರು ಅದನ್ನು ಓದಬೇಕು, ಆಮೇಲೆ ವೈವಾದಲ್ಲಿ ಎದುರಿಗೆ ಕೂತು ಉತ್ತರ ಹೇಳಬೇಕು. ಫೆಲೋಶಿಪ್ ಹಣ ತಡವಾದರೆ ಮನೆ ಬಾಡಿಗೆಗೂ ಪರದಾಡುತ್ತಾ ಇದನ್ನೆಲ್ಲ ಮಾಡುವ ಹುಡುಗ ಹುಡುಗಿಯರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ತುಂಬಾ ಜನ ಇದ್ದಾರೆ.

[ತೆರೆ ಮೇಲೆ: ಡಾ. ರಾಜ್‌ಕುಮಾರ್ ಚಿತ್ರ]

ಗೌರವ ಡಾಕ್ಟರೇಟ್ ಬೇರೆ. ಅದು ಓದಿಗಲ್ಲ, ಸಾಧನೆಗೆ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರ್ ಅವರಿಗೆ ಕೊಟ್ಟಿತು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು ಅವರು. ನಾಡು ಆ ‘ಡಾ.’ ಅನ್ನು ಅವರ ಹೆಸರಿನಿಂದ ಬಿಡಿಸಲೇ ಇಲ್ಲ, ಅಲ್ವಾ? 2022ರಲ್ಲಿ ಅದೇ ವಿಶ್ವವಿದ್ಯಾಲಯ ಪುನೀತ್ ಅವರಿಗೆ ಮರಣೋತ್ತರವಾಗಿ ಕೊಟ್ಟಾಗ ಪತ್ನಿ ಅಶ್ವಿನಿ ಅವರು ವೇದಿಕೆಗೆ ಬಂದು ಸ್ವೀಕರಿಸಿದರು.

ನನಗೆ ಹೊಟ್ಟೆ ಉರಿಯುವುದು ಈ ಗೌರವವನ್ನೂ ದುಡ್ಡಿಗೆ ಮಾರುವವರನ್ನು ನೋಡಿದಾಗ. ಹೋಟೆಲ್ ಹಾಲ್ ಬುಕ್ ಮಾಡುತ್ತಾರೆ. ಬಾಡಿಗೆಗೆ ಗೌನು, ಟೋಪಿ ತರುತ್ತಾರೆ. ಸರ್ಟಿಫಿಕೇಟಿನಲ್ಲಿ ದೂರದ ಯಾವುದೋ ದೇಶದ ‘ಇಂಟರ್‌ನ್ಯಾಷನಲ್ ಯೂನಿವರ್ಸಿಟಿ’ ಹೆಸರು, ಕೆಳಗೆ ಚಿನ್ನದ ಬಣ್ಣದ ಮುದ್ರೆ. ಮಾರನೇ ದಿನವೇ ಫ್ಲೆಕ್ಸ್ ಸಿದ್ಧ. ಪಾಪ, ಕೆಲವರು ನಿಜವಾದ ಗೌರವ ಅಂದುಕೊಂಡೇ ದುಡ್ಡು ಕಟ್ಟಿರುತ್ತಾರೆ.

1956ರ ಯುಜಿಸಿ ಕಾಯ್ದೆ ಸ್ಪಷ್ಟವಾಗಿದೆ. ಸಂಸತ್ತು ಅಥವಾ ಶಾಸನಸಭೆಯ ಕಾಯ್ದೆಯಿಂದ ಆದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟೇ ಪದವಿ ಕೊಡಬಹುದು. ಆದರೆ ಕಾಯ್ದೆಯಲ್ಲಿ ಬರೆದಿರುವ ದಂಡ ಹೆಚ್ಚೆಂದರೆ 1,000 ರೂಪಾಯಿ. ಫ್ಲೆಕ್ಸ್ ಖರ್ಚೇ ಅದಕ್ಕಿಂತ ಜಾಸ್ತಿ. ಈ ಮೊತ್ತ ಬದಲಾಗಲೇಬೇಕು.

[ತೆರೆ ಮೇಲೆ: ಶೋಧಗಂಗಾ ಜಾಲತಾಣ]

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬಹುದು. ಪಿಎಚ್‌ಡಿ ಅಂದರೆ ಶೋಧಗಂಗಾದಲ್ಲಿ, ಅಂದರೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಸೇರಿಸಿಡುವ ಜಾಲತಾಣದಲ್ಲಿ, ಹೆಸರು ಹುಡುಕಿ. ಹಳೆಯವು ಸಿಗದೇ ಇರಬಹುದು, ಆದರೆ ಈಚಿನ ಪ್ರಬಂಧಗಳನ್ನು ಅಲ್ಲಿಗೆ ಸೇರಿಸಬೇಕು ಅಂತ ನಿಯಮವೇ ಇದೆ. ಎಂಬಿಬಿಎಸ್ ಡಾಕ್ಟರಾದರೆ ಔಷಧಿ ಚೀಟಿಯಲ್ಲಿ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರಬೇಕು. ಗೌರವ ಡಾಕ್ಟರೇಟ್ ಅಂದರೆ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಕೇಳಿ, ಯುಜಿಸಿ ಪಟ್ಟಿಯಲ್ಲಿ ಇದೆಯಾ ನೋಡಿ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಹಾಕಿದೆ. ನಿಮ್ಮ ಸಂಘದ ಆಹ್ವಾನ ಪತ್ರಿಕೆ ಪ್ರೆಸ್ಸಿಗೆ ಹೋಗುವ ಮೊದಲೇ ಈ ಕೆಲಸ ಮುಗಿಸಿ.