ಐದು ಮೀಟರ್ ಚೌಕದಲ್ಲಿ ತೀರ್ಮಾನವಾಗುವ ಬೆಳೆ ವಿಮೆ

ವಿಮೆ ಕಟ್ಟಿದ್ದೆವು, ಬೆಳೆ ಹೋಯಿತು, ದುಡ್ಡು ಬರಲಿಲ್ಲ. ಮಳೆ ನಂಬಿದ ಊರುಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಪ್ರಧಾನ ಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯ ಕಂತು ಭಾರವೇನಲ್ಲ. 2016ರಿಂದ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ 5. ತೊಡಕಿರುವುದು ನಷ್ಟ ಅಳೆಯುವ ರೀತಿಯಲ್ಲಿ. ಅದನ್ನು ರೈತರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲ ಎಂಬುದೇ ನನ್ನ ಆಕ್ಷೇಪ.

ನಿಮ್ಮ ಹೊಲ ಪೂರ್ತಿ ಒಣಗಿದ್ದರೂ ಲೆಕ್ಕಕ್ಕೆ ಬರುವುದು ಊರಿನ ಸರಾಸರಿ. ಸರಾಸರಿ ತೆಗೆಯಲು ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಒಂದು ಘಟಕ, ಉಳಿದವಕ್ಕೆ ಹೋಬಳಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷದ ಸರಾಸರಿ ತೆಗೆದು, ಅದರ ಶೇ 70, 80 ಅಥವಾ 90ನ್ನು ಖಾತರಿ ಇಳುವರಿ ಎಂದು ಇಡುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಪಾಲು ಕಡಿಮೆಯೋ, ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ.

ಈ ವರ್ಷದ ಇಳುವರಿ ಗೊತ್ತಾಗುವುದು ಬೆಳೆ ಕಟಾವು ಪ್ರಯೋಗದಿಂದ. ಪಂಚಾಯಿತಿಗೆ ಒಂದು ಬೆಳೆಗೆ ನಾಲ್ಕು ಪ್ರಯೋಗ. ಸರ್ವೆ ನಂಬರ್ ಮೊದಲೇ ಆಯ್ಕೆಯಾಗಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಗುರುತಿಸಿ, ಕೊಯ್ದು, ಬಡಿದು, ತೂಗುತ್ತಾರೆ. ಅಂದರೆ 25 ಚದರ ಮೀಟರ್. ಆ ಚೌಕದ ಒಂದು ಕೆ.ಜಿ. ಕಾಳು ಹೆಕ್ಟೇರಿಗೆ 400 ಕೆ.ಜಿ. ಆಗಿಬಿಡುತ್ತದೆ!

ಒಂದು ಲೆಕ್ಕ ನೋಡಿ. ಮುಸುಕಿನ ಜೋಳದ ಖಾತರಿ ಇಳುವರಿ ಹೆಕ್ಟೇರಿಗೆ 2,000 ಕೆ.ಜಿ., ವಿಮಾ ಮೊತ್ತ 50,000 ರೂಪಾಯಿ ಅಂದುಕೊಳ್ಳಿ. ನಾಲ್ಕೂ ಚೌಕಗಳಲ್ಲಿ ಅರ್ಧ ಕೆ.ಜಿ. ಹೆಚ್ಚು ಬರೆದರೆ ಇಳುವರಿ 200 ಕೆ.ಜಿ. ಏರುತ್ತದೆ, ನಷ್ಟವಾದ ಪ್ರತಿಯೊಬ್ಬ ರೈತನಿಗೂ ಹೆಕ್ಟೇರಿಗೆ 5,000 ರೂಪಾಯಿ ಇಳಿಯುತ್ತದೆ. ಅರ್ಧ ಕೆ.ಜಿ. ತಪ್ಪಲು ಯಾರೂ ಮೋಸ ಮಾಡಬೇಕಿಲ್ಲ. ಶೇ 25 ತೇವ ಇರುವ 5 ಕೆ.ಜಿ. ಹಸಿ ಕಾಳು ಶೇ 15ಕ್ಕೆ ಒಣಗಿದರೆ ಸುಮಾರು 4.4 ಕೆ.ಜಿ. ತೂಗುತ್ತದೆ. ಹಸಿ ತೂಕವನ್ನೇ ಒಣ ತೂಕ ಎಂದು ಬರೆದರೆ ಮುಗಿಯಿತು.

ಕಟಾವಿನ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ? ಪ್ರಯೋಗ ನಡೆಸುವ ಸಿಬ್ಬಂದಿ. ಜೊತೆಗೆ ನಿಂತು ನೋಡುವ ಅವಕಾಶವನ್ನು ವಿಮಾ ಕಂಪನಿಗೆ ನಿಯಮವೇ ಕೊಟ್ಟಿದೆ. ಪರಿಹಾರ ಕೊಡಬೇಕಾದವರು ನೋಡಬಹುದಾದರೆ, ಪಡೆಯಬೇಕಾದವರ ಪರವಾಗಿ ಊರಿನ ಇಬ್ಬರು ರೈತರು ಇದ್ದು ತೂಕದ ಹಾಳೆಗೆ ಸಹಿ ಹಾಕಲಿ. ಸರ್ವೆ ನಂಬರ್, ಕಟಾವಿನ ದಿನ ಪಂಚಾಯಿತಿ ಫಲಕದಲ್ಲಿ ಮೂರು ದಿನ ಮೊದಲೇ ಬೀಳಲಿ. ಇದಕ್ಕೆ ಹೊಸ ಅನುದಾನವೇನೂ ಬೇಡ.

ಅರ್ಜಿ ಬಿದ್ದುಹೋಗುವ ಇನ್ನೊಂದು ಜಾಗ ಬೆಳೆ ಸಮೀಕ್ಷೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಎಂದು ಫೋಟೋ ತೆಗೆದು ಆಪ್‌ನಲ್ಲಿ ದಾಖಲಿಸುವ ಕೆಲಸ. ಸಾಲ ಇರುವವರಿಗೆ ಬ್ಯಾಂಕಿನವರು ಸಾಲದ ಕಡತದಲ್ಲಿದ್ದ ಬೆಳೆಯನ್ನೇ ವಿಮೆಗೆ ಹಾಕಿರುತ್ತಾರೆ. ಮಳೆ ತಡವಾಗಿ ನೀವು ಜೋಳ ಬಿಟ್ಟು ರಾಗಿ ಬಿತ್ತಿರುತ್ತೀರಿ. ಸಮೀಕ್ಷೆ ಆಪ್‌ನಲ್ಲಿ ರಾಗಿ, ವಿಮೆಯಲ್ಲಿ ಜೋಳ, ಎರಡೂ ತಾಳೆಯಾಗದೆ ಅರ್ಜಿ ತಿರಸ್ಕೃತ. ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು ಹಾಕುವ ಅಕ್ಕಡಿ ಸಾಲಿನ ಹೊಲಗಳಲ್ಲೂ ಹೀಗೇ: ಫೋಟೋದಲ್ಲಿ ಎದ್ದು ಕಂಡ ತೊಗರಿಯೇ ಮುಖ್ಯ ಬೆಳೆಯಾಗಿ ದಾಖಲಾಗಬಹುದು. ಆದ್ದರಿಂದ ಬೆಳೆ ಬದಲಾಯಿಸಿದರೆ ನೋಂದಣಿಯ ಕೊನೆಯ ದಿನಕ್ಕೆ ಮುಂಚೆಯೇ ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಸಮೀಕ್ಷೆ ಮುಗಿದ ಮೇಲೆ ಬೆಳೆ ದರ್ಶಕ್ ಆಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ತೆರೆದು ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ.

ಆಲಿಕಲ್ಲು, ಭೂಕುಸಿತದಂಥ ನಷ್ಟಕ್ಕೆ ಮಾತ್ರ ನಿಮ್ಮದೇ ಹೊಲ ನೋಡುತ್ತಾರೆ. 72 ಗಂಟೆಯೊಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊಯ್ದು ಹೊಲದಲ್ಲೇ ಒಣಹಾಕಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕರೆ 14 ದಿನದವರೆಗೆ ರಕ್ಷಣೆ ಇದೆ, ಅದಕ್ಕೂ ಇದೇ 72 ಗಂಟೆ.

ಕೊಯ್ಲು ಹತ್ತಿರವಾಗುತ್ತಿದ್ದರೆ ಈ ವಾರವೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ನಿಮ್ಮ ಪಂಚಾಯಿತಿಯ ಆ ನಾಲ್ಕು ಸರ್ವೆ ನಂಬರ್ ಯಾವುವು ಎಂದು ಕೇಳಿ.