ಚೀಟಿಯಲ್ಲಿ ಬರೆದಿರಲಿಲ್ಲ

ಕೇಳುಗರಿಗೆಲ್ಲ ಶರಣು.

ನಮ್ಮ ದೊಡ್ಡವ್ವ ಇರುವುದು ಆಳಂದ ಕಡೆಯ ಒಂದು ಹಳ್ಳಿಯಲ್ಲಿ. ಸಕ್ಕರೆ ಕಾಯಿಲೆ, ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಾಳೆ. ಅಕ್ಷರ ಬಾರದಿದ್ದರೂ ಸಿರಿಂಜಿನ ಮೇಲೆ 20ರ ಗೆರೆ ಯಾವುದು ಎಂದು ಚೆನ್ನಾಗಿ ಬಲ್ಲಳು. ಹೋದ ವರ್ಷ ಕಲಬುರಗಿಯ ಒಂದು ಔಷಧ ಅಂಗಡಿಯಲ್ಲಿ ಇನ್ಸುಲಿನ್ ಬಾಟಲಿ, ಸಿರಿಂಜು ಎರಡೂ ತಗೊಂಡಳು. ಹದಿನೈದು ದಿನದಲ್ಲಿ ಬಾಯಿ ಒಣಗಿ, ಕಾಲಲ್ಲಿ ಶಕ್ತಿ ಇಲ್ಲದಂತಾಗಿ ದವಾಖಾನೆ ಸೇರಿದಳು. "ಖರೇ ಹೇಳ್ತೀನ್ರೀ ಸಾಹೇಬ್ರ, ಒಂದಿನಾನೂ ತಪ್ಪಿಸಿಲ್ಲ" ಎಂದು ಡಾಕ್ಟರ ಮುಂದೆ ಅತ್ತಳು.

ನಾನು ಚೀಲ ಬಿಚ್ಚಿ ನೋಡಿದೆ. ಬಾಟಲಿ 40ರದು, ಸಿರಿಂಜು 100ರದು.

ನಮ್ಮಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಇಲ್ಲವೇ 100. ಒಂದೊಂದಕ್ಕೂ ಅದರದೇ ಸಿರಿಂಜು. 40ರ ಟೋಪಿ ಕೆಂಪು, 100ರದು ಕಿತ್ತಳೆ ಬಣ್ಣ. 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ 40ರ ಔಷಧ ಎಳೆದರೆ ಮೈಗೆ ಸೇರುವುದು 8 ಯೂನಿಟ್ ಅಷ್ಟೇ. ಅದಲು ಬದಲಾಗಿದ್ದರೆ 20ರ ಜಾಗದಲ್ಲಿ 50 ಯೂನಿಟ್ ಹೋಗುತ್ತಿತ್ತು. ಆಗ ದೊಡ್ಡವ್ವ ಅಳಲಿಕ್ಕೂ ಉಳಿಯುತ್ತಿದ್ದಿಲ್ಲವೇನೋ.

ಅಂಗಡಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಹೇಳಿದ: "ಇನ್ಸುಲಿನ್ ಸಿರಿಂಜ್ ಕೇಳಿದ್ರು, ಕೊಟ್ಟೀನ್ರೀ. ಚೀಟ್ಯಾಗ ನಂಬರ್ ಬರ್ದಿದ್ದಿಲ್ಲ."

ನಾನು ಗ್ರಾಹಕರ ವ್ಯಾಜ್ಯಗಳನ್ನು ನಡೆಸುವ ವಕೀಲ. ಈ ಉತ್ತರ ನನಗೆ ಹೊಸದಲ್ಲ. "ಡಾಕ್ಟರ ಅಕ್ಷರ ತಿಳಿಯಲಿಲ್ಲ" ಎಂಬುದು ಇದರ ಅಣ್ಣ. ತಿಳಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು, ಇಲ್ಲವೇ ಚೀಟಿ ವಾಪಸ್ ಕೊಡಬೇಕು. ಊಹೆ ಮಾಡಿ ಕೊಟ್ಟರೆ ಆ ಊಹೆಯ ಹೊಣೆ ಅಂಗಡಿಯದೇ. ಬಾಟಲಿಯನ್ನೂ ಸಿರಿಂಜನ್ನೂ ಒಂದೇ ಚೀಲಕ್ಕೆ ಹಾಕುವವನು ಎರಡೂ ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ನೋಡದಿದ್ದರೆ ಅಂಗಡಿಗೆ ಫಾರ್ಮಸಿಸ್ಟ್ ಯಾಕೆ ಬೇಕು? ಚೀಟಿ ಮೇಲೆ ಕೊಡುವ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರು ಕೊಡಬೇಕು ಎನ್ನುತ್ತವೆ 1945ರ ಔಷಧ ನಿಯಮಗಳು. ಪ್ರಮಾಣಪತ್ರ ಗೋಡೆ ಮೇಲೆ, ಫಾರ್ಮಸಿಸ್ಟ್ ಇನ್ನೆಲ್ಲೋ ಎನ್ನುವಂಥ ಅಂಗಡಿಗಳನ್ನು ನೀವೂ ನೋಡಿರುತ್ತೀರಿ. "ಇದೂ ಅದೇರೀ, ಕಂಪನಿ ಬ್ಯಾರೆ" ಎಂದು ಶೆಡ್ಯೂಲ್ ಎಚ್ ಔಷಧವನ್ನು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧವನ್ನು, ಬದಲಿಸಿ ಕೊಡುವುದನ್ನೂ ಅದೇ ನಿಯಮಗಳು ಒಪ್ಪುವುದಿಲ್ಲ.

ಕೊಟ್ಟದ್ದು ಕೆಲಸದ ಹುಡುಗನಾದರೂ ಪರಿಹಾರ ಕಟ್ಟಬೇಕಾದವರು ಮಾಲೀಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೇ ಇಲ್ಲ. ಲೈಸೆನ್ಸ್ ಅಮಾನತು, ರದ್ದು ಔಷಧ ನಿಯಂತ್ರಣ ಅಧಿಕಾರಿಗಳ ಕೆಲಸ. ನಿರ್ಲಕ್ಷ್ಯದಿಂದ ಜೀವವೇ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇದೆ, ಐದು ವರ್ಷದವರೆಗೆ ಸಜೆ. ಆದರೆ ಅಲ್ಲಿ ಸಣ್ಣ ಮರೆವು ಸಾಲದು, ಘೋರ ನಿರ್ಲಕ್ಷ್ಯವನ್ನೇ ಸಾಬೀತು ಮಾಡಬೇಕಾಗುತ್ತದೆ.

ಕೇಸು ಸೋಲುವುದು ಹೆಚ್ಚಾಗಿ ಪಾವತಿ, ಅಂದರೆ ಅಂಗಡಿಯ ಬಿಲ್ಲು, ಇಲ್ಲದ್ದಕ್ಕೆ. ಫೋನಿನಲ್ಲಿ ಹಣ ಕಳಿಸಿದ ಮೆಸೇಜು ಎಷ್ಟು ರೂಪಾಯಿ, ಯಾರಿಗೆ ಎಂದು ಹೇಳುತ್ತದೆ, ಏನು ಕೊಂಡಿರಿ ಎಂದು ಹೇಳುವುದಿಲ್ಲ. ಕತ್ತರಿಸಿ ಕೊಟ್ಟ ನಾಲ್ಕು ಗುಳಿಗೆಯ ತುಂಡಿನಲ್ಲಿ ಬ್ಯಾಚ್ ನಂಬರು ಎಷ್ಟೋ ಸಲ ಅಂಗಡಿಯಲ್ಲೇ ಉಳಿದಿರುತ್ತದೆ. ಪಾವತಿ ಇಲ್ಲದಿದ್ದರೂ ಔಷಧದ ಪೊಟ್ಟಣ, ಚೀಟಿ, ದವಾಖಾನೆಯ ಕಾಗದ, ರಕ್ತ ಪರೀಕ್ಷೆಯ ವರದಿ ಇವೆಲ್ಲ ಸಾಕ್ಷಿಯೇ. ತಪ್ಪು ಔಷಧ ಬಂತು ಎಂದಷ್ಟೇ ಅಲ್ಲ, ಅದರಿಂದಲೇ ತೊಂದರೆ ಆಯಿತು ಎಂದೂ ತೋರಿಸಬೇಕಲ್ಲ. ತಪ್ಪಾದ ಪೊಟ್ಟಣವನ್ನು ಸಿಟ್ಟಿನಲ್ಲಿ ಅಂಗಡಿಗೇ ಎಸೆದು ಬಂದವರಿದ್ದಾರೆ. ಅಲ್ಲಿಗೆ ಕೇಸೂ ಎಸೆದಂತೆ.

ದೊಡ್ಡವ್ವನ ಸಿರಿಂಜು ನನ್ನ ಕಪಾಟಿನಲ್ಲಿದೆ. ದೂರಿಗೆ ಇನ್ನೂ ಅವಧಿ ಇದೆ. ಆಕೆ ಒಪ್ಪುವುದಿಲ್ಲ. "ಆ ಹುಡ್ಗನ ಹೊಟ್ಟಿ ಮ್ಯಾಲ ಯಾಕ ಹೊಡೀತಿ ತಮ್ಮಾ" ಅನ್ನುತ್ತಾಳೆ. ಹುಡುಗನ ಮೇಲಲ್ಲ, ಮಾಲೀಕರ ಮೇಲೆ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊನ್ನೆ ಮತ್ತೆ ಅದೇ ಅಂಗಡಿಗೆ ಹೋಗಿ ಕೆಂಪು ಟೋಪಿಯದೇ ಬೇಕೆಂದು ಕೇಳಿ ತಂದಿದ್ದಾಳೆ.

ಪಾವತಿ ಮಾತ್ರ ತಂದಿಲ್ಲ.